ಖಂಡೇನವಮಿಯ ರಡಾರ್ ತಟ್ಟೆ

ಕಳೆದ ತಿಂಗಳು ಪುಣೆಯ ಮಗರಪಟ್ಟಾದ ನಮ್ಮ ಫ್ಲ್ಯಾಟಿಗೆ ಅಲ್ಯೂಮಿನಿಯಂ ಕಿಟಕಿ ಕೂರಿಸಲು ಇಬ್ಬರು ಬಂದಿದ್ದರು. ಬಾಲ್ಕನಿಯಲ್ಲಿ ಪಟ್ಟಿಗಳನ್ನು ಕೊಯ್ದು, ಚಿಂದಿಗೆ ಸೀಮೆಎಣ್ಣೆ ಹಚ್ಚಿ ಒರೆಸುತ್ತಿದ್ದರು. ನಾನು ಒಳಗೆ ಒಗ್ಗರಣೆಗಿಟ್ಟಿದ್ದೆ. ಹೊಸದಾಗಿ ಕೊಯ್ದ ಅಲ್ಯೂಮಿನಿಯಮ್ಮಿನ ಮೇಲೆ ಸೀಮೆಎಣ್ಣೆ ಬಿದ್ದರೆ ಏಳುವ ಒಂದು ವಾಸನೆ ಇದೆ, ಸಾಸಿವೆ ಸಿಡಿಯುವ ವಾಸನೆಯನ್ನೂ ದಾಟಿ ಬಂತು. ಒಲೆ ಆರಿಸಿ ಹೊರಗೆ ಬಂದು ನಿಂತೆ. ಏನು ಬೇಕು ಎಂಬಂತೆ ಅವರು ನೋಡಿದರು. ನನಗೂ ಗೊತ್ತಿರಲಿಲ್ಲ. ಚಹಾ ತರಲೇ ಎಂದು ಕೇಳಿ ಒಳಗೆ ಹೋದೆ. ಆ ದಿನದಿಂದ ಒಂದು ಕಡೆ ಕೂರಲು ಆಗುತ್ತಿಲ್ಲ. ಓದಲು ತೆಗೆದುಕೊಂಡದ್ದನ್ನು ಮಡಚುತ್ತೇನೆ, ಫೋನು ಎತ್ತಿ ಕೆಳಗಿಡುತ್ತೇನೆ.

ಆ ವಾಸನೆಯ ಕಾಲ ಒಂದೇ ಒಂದು. ಹತ್ತು ವರ್ಷದ ಹಿಂದೆ, ಮರುಭೂಮಿಯಲ್ಲಿ ಅಣುಪರೀಕ್ಷೆ ನಡೆದ ವರ್ಷ, ಮಳೆ ಹಿಡಿದಾಗಿನಿಂದ ಚಳಿಗಾಲ ಮುಗಿಯುವವರೆಗೆ, ನಾನು ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ತಪಾಸಣೆಯ ಕೆಲಸ ಮಾಡುತ್ತಿದ್ದೆ. ಅಲ್ಲಿ ಯುದ್ಧವಿಮಾನದ ರಡಾರಿಗೆ ಒಂದು ತಟ್ಟೆ ಮಾಡಿದೆವು. ಆ ತಟ್ಟೆ ಕೆಟ್ಟಿತು, ಅದಕ್ಕಾಗಿ ಒಬ್ಬ ಮನುಷ್ಯ ಕೆಲಸ ಕಳೆದುಕೊಂಡ. ಈ ಕತೆಯನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ. ಗಂಡನಿಗೆ ಹೇಳಿದ್ದೇನೆ, ಆಫೀಸಿನ ಊಟದ ಮೇಜಿನ ಬಳಿ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದರಲ್ಲಿ ಈರಣ್ಣ ಎಂಬ ಫಿಟ್ಟರ್ ಯಾರನ್ನೂ ಕೇಳದೆ, ತನ್ನ ಪಾಡಿಗೆ ತಾನು ತಟ್ಟೆ ಕೆಡಿಸುತ್ತಾನೆ. ನಾನು ಪಕ್ಕದಲ್ಲಿ ನಿಂತು ಮರುಗುತ್ತೇನೆ. ಇಷ್ಟು ನುಣುಪಾಗಿ ಹೇಳಲು ಬರುವ ಕತೆಯ ಮೇಲೆ ಅನುಮಾನ ಪಡಬೇಕಿತ್ತು. ಪಡಲಿಲ್ಲ.

ಆಗ ನನಗೆ ಇಪ್ಪತ್ನಾಲ್ಕು. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಚಿಂಚವಾಡದಲ್ಲಿದ್ದ ಕಾಕನ ಮನೆಗೆ ಬಂದಿದ್ದೆ. ಕಾಕಾ ಒಂದು ಟೈರ್ ಅಂಗಡಿಯ ಗುಮಾಸ್ತ. ಹಲಗೇಕರ ಎನ್ನುವ ಬೆಳಗಾವಿ ಕಡೆಯವರೊಬ್ಬರು ಅವನಿಗೆ ಪರಿಚಯ. ಭೋಸರಿಯಲ್ಲಿ ಅವರದೊಂದು ವರ್ಕ್‌ಶಾಪು. ಸ್ಕೂಟರಿನ, ಟೆಂಪೋದ ಬಿಡಿಭಾಗ ಮಾಡುತ್ತಿದ್ದರು. ಹೊಸದಾಗಿ ಕಂಪ್ಯೂಟರಿನಿಂದ ನಡೆಯುವ ಮಿಲ್ಲಿಂಗ್ ಯಂತ್ರ ತಂದಿದ್ದರು. ಅಣುಪರೀಕ್ಷೆಯ ನಂತರ ಹೊರದೇಶಗಳು ಬಾಗಿಲು ಹಾಕಿಕೊಂಡಿದ್ದವು. ರಕ್ಷಣೆಯ ಕೆಲಸಕ್ಕೆ ಬರಬೇಕಾದ ಎಷ್ಟೋ ಸಾಮಾನು ನಿಂತುಹೋಗಿತ್ತು. ಬೆಂಗಳೂರಿನ ಒಂದು ಪ್ರಯೋಗಾಲಯದವರು, ದೇಶದಲ್ಲಿ ಯಾರ ಬಳಿ ಒಳ್ಳೆಯ ಯಂತ್ರವಿದೆ ಎಂದು ಊರೂರು ಹುಡುಕುತ್ತ ಹಲಗೇಕರರ ಬಾಗಿಲಿಗೂ ಬಂದರು. ಅವರ ಕಾಗದಗಳನ್ನು ಓದಿ ತಿಳಿಸುವವರು ಬೇಕಾದರು. ಹಾಗೆ ನಾನು ಸೇರಿದೆ.

ತಟ್ಟೆ ಎಂದರೆ ರೊಟ್ಟಿ ಹಿಟ್ಟು ನಾದುವ ದೊಡ್ಡ ಪರಾತದಷ್ಟು ಅಗಲದ, ತೆಳ್ಳಗಿನ ಅಲ್ಯೂಮಿನಿಯಂ. ಅದರ ತುಂಬ ಸಾಲುಸಾಲಾಗಿ ಕೊರೆದ ನೂರಾರು ಸಣ್ಣ ಸೀಳುಗಳು. ಇದು ವಿಮಾನದ ಮೂಗಿನೊಳಗೆ ಕೂತು ಅತ್ತಿತ್ತ ತಿರುಗುತ್ತದೆ. ಹಿಂದಿನಿಂದ ಬಂದ ರೇಡಿಯೋ ಅಲೆ ಈ ಸೀಳುಗಳಿಂದ ಹೊರಗೆ ಹೊಮ್ಮಿ, ಎಲ್ಲ ಕೂಡಿ ಒಂದು ಚೂಪಾದ ಕಿರಣವಾಗಬೇಕು. ಹಾಗೆ ಆಗಬೇಕಾದರೆ ಪ್ರತಿ ಸೀಳಿನ ಉದ್ದ, ಅದು ನಿಂತ ಜಾಗ, ಲೆಕ್ಕದ ಪ್ರಕಾರವೇ ಇರಬೇಕು. ಸ್ವಲ್ಪ ಹೆಚ್ಚುಕಡಿಮೆಯಾದರೆ ಕಿರಣದ ಪಕ್ಕದಲ್ಲಿ ಬೇಡದ ಸಣ್ಣ ಕಿರಣಗಳು ಹುಟ್ಟುತ್ತವೆ. ವಿಮಾನ ಮೇಲಿನಿಂದ ಕೆಳಗೆ ನೋಡುವಾಗ ಆ ಪಕ್ಕದ ಕಿರಣಗಳು ನೆಲಕ್ಕೆ ಬಡಿದು ಮರಳುತ್ತವೆ. ಆ ಗದ್ದಲದಲ್ಲಿ ಹುಡುಕುತ್ತಿರುವ ವಿಮಾನ ಮುಳುಗಿಹೋಗುತ್ತದೆ. ಇಷ್ಟನ್ನು ಈಗಲೂ ತಡವರಿಸದೆ ಹೇಳಬಲ್ಲೆ. ಇಂಥದ್ದರಲ್ಲಿ ನನ್ನ ನೆನಪು ಕೈಕೊಡುವುದಿಲ್ಲ.

ಕೊರೆಯುವಾಗ ಸೀಳಿನ ಅಂಚು ಚಾಕುವಿನಂತೆ ಚೂಪಾಗಿ ಉಳಿಯುತ್ತದೆ. ಪ್ರಯೋಗಾಲಯದವರಿಗೆ ಬೇಕಾದದ್ದು ಅದೇ. ಯಂತ್ರ ಬಿಟ್ಟಂತೆಯೇ ಇರಲಿ, ಅಂಚಿಗೆ ಕೈಯ ಕೆಲಸ ಬೇಡ ಎಂದು ಅವರ ಇಂಗ್ಲಿಷ್ ಕಾಗದದಲ್ಲಿ ಬರೆದಿತ್ತು. ಅದನ್ನು ಓದಿದ್ದು ನಾನೊಬ್ಬಳೇ. ಯಂತ್ರ ನಡೆಸುವವರಿಗೆ ಓದಿ ಹೇಳಿದೆ. ಈರಣ್ಣ ಅವತ್ತು ಇರಲಿಲ್ಲ, ಪಂಚಮಿಗೆಂದು ಬಾಗಲಕೋಟೆ ಕಡೆಯ ತಮ್ಮ ಊರಿಗೆ ಹೋಗಿದ್ದರು.

ಈರಣ್ಣ ಬಡಿಗೇರ ಐವತ್ತರ ಆಚೆಯವರು. ಬಿಳಿ ಟೊಪ್ಪಿಗೆ, ಎಡ ಕಿವಿಯ ಮೇಲೆ ಪೆನ್ಸಿಲ್ಲು. ಯಂತ್ರದಿಂದ ಇಳಿದ ಪ್ರತಿಯೊಂದು ಭಾಗವೂ ಅವರ ಮೇಜಿಗೆ ಬರುತ್ತಿತ್ತು. ಅದರ ಅಂಚಿಗೆಲ್ಲ ಸಣ್ಣ ಅರದಿಂದ ಒಂದೊಂದು ಎಳೆ ಎಳೆದು, ಕಲ್ಲಿನಲ್ಲಿ ಉಜ್ಜಿ, ಹೆಬ್ಬೆರಳು ಸವರಿ ನೋಡಿ ಆಚೆ ಇಡುತ್ತಿದ್ದರು. ಅವರ ಮಾತಿನಲ್ಲಿ ಇದು ಅಂಚು ಮುರಿಯುವುದು. ಅಂಚು ಮುರಿಯದ ಮಾಲು ಪಿಂಪ್ರಿಯ ಯಾವ ಕಾರ್ಖಾನೆಯ ಬಾಗಿಲಲ್ಲೂ ನಿಲ್ಲುತ್ತಿರಲಿಲ್ಲ, ವಾಪಸ್ ಬರುತ್ತಿತ್ತು. ಹನ್ನೊಂದು ವರ್ಷ ಇದನ್ನೇ ಮಾಡಿದ್ದರೂ ಅವರ ಹೆಸರು ಇನ್ನೂ ಕಾಂಟ್ರ್ಯಾಕ್ಟ್ ಪಟ್ಟಿಯಲ್ಲಿತ್ತು. ರಡಾರ್ ತಟ್ಟೆ ಪಾಸಾಗಲಿ, ಹೊಸ ವರ್ಷದಿಂದ ಪರ್ಮನೆಂಟ್ ಮಾಡುತ್ತೇನೆ ಎಂದು ಹಲಗೇಕರ ಸಾಹೇಬರು ಎಲ್ಲರ ಮುಂದೆ ಮಾತು ಕೊಟ್ಟಿದ್ದರು.

"ಬಾಯಾರ, ನಿಮ್ಮ ತಟ್ಟಿ ಮ್ಯಾಲ ನನ್ನ ಹಣೇಬರಾ ಕುಂತೈತಿ ನೋಡ್ರಿ," ಎಂದು ನನಗೆ ಹೇಳುತ್ತಿದ್ದರು. "ಸಣ್ಣ ಮಗಳಿಗೆ ವರಾ ನೋಡಾಕ ಬರ್ತಾರ. ಮಾವ ಏನ್ ಮಾಡತಾನ ಅಂದ್ರ ಪರ್ಮನೆಂಟ್ ಅದಾನ ಅಂತ ಹೇಳಬೇಕಲ್ರಿ. ಹನ್ನೊಂದ ವರ್ಷದಿಂದ ಟೆಂಪರವರಿ ಅಂದ್ರ, ಇಂವ ಮನುಷ್ಯಾ ಹೌದೋ ಅಲ್ಲೋ ಅಂತಾರ."

"ಪಾಸ್ ಆಗತದ ಕಾಕಾ," ಎನ್ನುತ್ತಿದ್ದೆ ನಾನು. ಆ ಮಾತು ಆಡುವಾಗ ನನ್ನ ಮನಸ್ಸು ಎಲ್ಲಿತ್ತೋ.

ಮನಸ್ಸು ಎಲ್ಲಿತ್ತು ಎಂದು ಈಗ ಚೆನ್ನಾಗಿ ಗೊತ್ತು. ರವಿವಾರ ನಾನು ಡೆಕ್ಕನ್ನಿನ ಒಂದು ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಅಲ್ಲಿ ಹೊರದೇಶದ ವೈಮಾನಿಕ ಪತ್ರಿಕೆಗಳು, ತಿಂಗಳು ತಡವಾಗಿಯಾದರೂ, ಬರುತ್ತಿದ್ದವು. ನಾವು ಭೋಸರಿಯಲ್ಲಿ ಕೂದಲೆಳೆ ಲೆಕ್ಕ ಹಾಕುತ್ತಿದ್ದ ತಿರುಗುವ ತಟ್ಟೆಯನ್ನು ಜಗತ್ತು ಬಿಡುತ್ತಿತ್ತು. ಅಮೆರಿಕದ ಹೊಸ ಯುದ್ಧವಿಮಾನದ ಮೂಗಿನಲ್ಲಿ ತಿರುಗುವಂಥದ್ದು ಏನೂ ಇಲ್ಲವಂತೆ. ಅಲುಗದ ಒಂದು ಫಲಕ, ಅದರ ತುಂಬ ಸಣ್ಣಸಣ್ಣ ಪ್ರೇಷಕಗಳು. ಪ್ರತಿಯೊಂದೂ ತಾನೇ ಕಳಿಸುತ್ತದೆ, ತಾನೇ ಕೇಳಿಸಿಕೊಳ್ಳುತ್ತದೆ. ಅವುಗಳ ಅಲೆಯನ್ನು ಒಂದಿಷ್ಟು ಹಿಂದೆಮುಂದೆ ಮಾಡಿದರೆ ಸಾಕು, ಕಿರಣ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಬೇರೆ ದಿಕ್ಕಿಗೆ ಹೊರಳುತ್ತದೆ. ಹತ್ತಾರು ಗುರಿಗಳ ಮೇಲೆ ಒಟ್ಟಿಗೇ ಕಣ್ಣಿಡಬಹುದು. ಕೆಲವು ಪ್ರೇಷಕಗಳು ಕೆಟ್ಟರೂ ಉಳಿದವು ನೋಡುತ್ತಲೇ ಇರುತ್ತವೆ. ರಷ್ಯನ್ನರು ಇದರ ಹಳೆಯ ಬಗೆಯೊಂದನ್ನು, ಭಾರಕ್ಕೆ ಹೆದರದೆ, ಎಷ್ಟೋ ವರ್ಷ ಮೊದಲೇ ತಮ್ಮ ದೊಡ್ಡ ವಿಮಾನವೊಂದರಲ್ಲಿ ಕೂರಿಸಿದ್ದರು. ಫ್ರೆಂಚರು ಅವರದೇ ದಾರಿಯಲ್ಲಿ ಹೊರಟಿದ್ದರು. ಯುರೋಪಿನ ಮೂರು ದೇಶ ಸೇರಿ ಒಂದನ್ನು ಕಟ್ಟುತ್ತಿದ್ದವು. ಜಪಾನೀಯರು ಸದ್ದಿಲ್ಲದೆ ತಮ್ಮದನ್ನು ಹಾರಿಸಿ ನೋಡುತ್ತಿದ್ದರು. ನಾನು ಪುಟಗಳ ಝೆರಾಕ್ಸ್ ಮಾಡಿಸಿಕೊಂಡು, ಭೋಸರಿಯ ಬಸ್ಸಿನಲ್ಲಿ ನಿಂತುಕೊಂಡೇ ಓದುತ್ತಿದ್ದೆ. ಲೋಹಗಾಂವದ ವಾಯುನೆಲೆಯಿಂದ ಎದ್ದ, ರಷ್ಯಾದಿಂದ ಹೊಸದಾಗಿ ಬಂದ ಜೋಡಿ ವಿಮಾನಗಳು ಮೋಡ ಹರಿದುಕೊಂಡು ಹೋದರೆ, ಬಸ್ಸಿನ ಕಿಟಕಿಗೆ ಬಗ್ಗಿ ಅವುಗಳ ಮೂಗು ಕಾಣುತ್ತದೇನೋ ಎಂದು ನೋಡುತ್ತಿದ್ದೆ. ಎಲ್ಲಿಗೋ ತಡವಾಗುತ್ತಿದೆ ಎನಿಸುತ್ತಿತ್ತು. ಜಗತ್ತು ಹೊರಟುಹೋಗುತ್ತಿದೆ, ನಾನು ಸ್ಕೂಟರಿನ ಬಿಡಿಭಾಗಗಳ ನಡುವೆ ನಿಂತಿದ್ದೇನೆ.

ಮನೆಯಲ್ಲಿ ಕಾಕನ ಹೆಂಡತಿ, ಕಾಕು, ಮೂಗು ಮುಚ್ಚಿಕೊಳ್ಳುತ್ತಿದ್ದಳು. "ವಿಮಾನದ ಕೆಲಸ ಅಂತೀ, ಮೈಯೆಲ್ಲಾ ಚಿಮಣಿ ಎಣ್ಣಿ ನಾರತದ. ಮೊದಲು ಜಳಕಾ ಮಾಡು, ಆಮ್ಯಾಲ ಹಾರು."

ಒಂದು ದಿನ ಚಹಾದ ಹೊತ್ತಿಗೆ ಈರಣ್ಣನಿಗೆ ಹೇಳಿದೆ. "ಕಾಕಾ, ಅಮೆರಿಕಾದಾಗ ಈಗ ಈ ತಟ್ಟಿ ತಿರಗೂದ ಇಲ್ಲಂತ."

"ತಿರಗೂದಿಲ್ಲ ಅಂದ್ರ ಆಕಡೆ ಈಕಡೆ ಹೆಂಗ್ ನೋಡತೈತ್ರಿ?"

"ಕುಂತಲ್ಲೇ ಕುಂತು ಎಲ್ಲಾ ಕಡೆ ನೋಡತದ. ಮುಖ ಅಲಗಾಡೂದಿಲ್ಲ."

"ಹಂಗಾರ ನಮ್ಮ ಗಂಗವ್ವನ್ನ ನೋಡೇ ಮಾಡ್ಯಾರ ಬಿಡ್ರಿ," ಎಂದು ಹೆಂಡತಿಯ ಹೆಸರೆತ್ತಿ ಬಸಿಯಲ್ಲಿ ಚಹಾ ಸುರಿದುಕೊಂಡರು. "ರೊಟ್ಟಿ ಬಡಿಯೂದ ಬಿಟ್ಟು ತಲಿ ಎತ್ತೂದಿಲ್ಲ. ನಾ ಹಿತ್ತಲದಾಗ ಬೀಡಿ ಹಚ್ಚಿದ್ದು ಆಕೀಗೆ ಕಾಣತೈತಿ."

ಈ ಮಾತುಕತೆ ನಡೆದಾಗ ಜೋರಾಗಿ ಮಳೆ ಬರುತ್ತಿತ್ತು, ತಗಡಿನ ಮೇಲೆ ಬೀಳುವ ಸದ್ದಿಗೆ ಇಬ್ಬರೂ ಕೂಗಿ ಮಾತಾಡುತ್ತಿದ್ದೆವು ಎಂದು ನನ್ನ ನೆನಪು. ಕಿಟಕಿಯವರು ಹೋದ ಮರುದಿನ ಆ ವರ್ಷದ ದಿನಚರಿಯನ್ನು ಹುಡುಕಿ ತೆಗೆದೆ. ಮಾತುಕತೆ ಅದರಲ್ಲಿದೆ, ಬೀಡಿಯೂ ಇದೆ. ಆದರೆ "ವಾರವಾಯಿತು, ಒಂದು ಹನಿ ಇಲ್ಲ, ಧೂಳು" ಎಂದೂ ಬರೆದಿದ್ದೇನೆ. ಮಳೆಯನ್ನು ನಾನು ಎಲ್ಲಿಂದ ತಂದೆ? ಅಷ್ಟು ಸ್ಪಷ್ಟವಾಗಿ ಕೇಳಿಸುತ್ತಿದ್ದ ಮಳೆಯೇ ಇರಲಿಲ್ಲ ಎಂದಮೇಲೆ ಮುಂದಿನ ಪುಟ ತಿರುಗಿಸಲು ಕೈ ಹಿಂಜರಿಯಿತು. ಎರಡು ದಿನ ಅದನ್ನು ಮುಚ್ಚಿಟ್ಟೆ.

ತಟ್ಟೆ ಖಂಡೇನವಮಿಯ ಹೊತ್ತಿಗೆ ಸಿದ್ಧವಾಯಿತು. ಯಂತ್ರ ಕೊರೆದು ಮುಗಿಸಿದ ಮೇಲೆ ನಾನು ಸೂಕ್ಷ್ಮದರ್ಶಕದಡಿ ಒಂದೊಂದೇ ಸೀಳು ಅಳೆದೆ. ನಾಲ್ಕು ದಿನ ಹಿಡಿಯಿತು. ಎಲ್ಲವೂ ಸರಿಯಾಗಿದ್ದವು. ತಪಾಸಣೆಯ ಹಾಳೆಗೆ ಸಹಿ ಹಾಕಿದೆ. ಹಬ್ಬದ ಮರುದಿನ ತಟ್ಟೆಯನ್ನು ಪ್ಯಾಕ್ ಮಾಡಿ ಬೆಂಗಳೂರಿಗೆ ಕಳಿಸುವುದು ಎಂದಾಯಿತು.

ಆ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ ಇತ್ತು. ಖಂಡೇನವಮಿಗೆ ಎಲ್ಲ ಯಂತ್ರಗಳನ್ನೂ ತೊಳೆದು, ಹೂವು ಏರಿಸಿ, ಕುಂಕುಮ ಹಚ್ಚುವುದು ಎಲ್ಲ ಕಡೆ ಇದ್ದದ್ದೇ. ಇಲ್ಲಿ ಅದರ ಜೊತೆಗೆ, ಆ ವರ್ಷ ತಯಾರಾದದ್ದರಲ್ಲಿ ಎಲ್ಲಕ್ಕಿಂತ ಚೆಂದದ ಒಂದು ಮಾಲನ್ನು ದೇವಿಯ ಪಟದ ಮುಂದೆ ಇಟ್ಟು ಪೂಜೆ ಮಾಡುತ್ತಿದ್ದರು. ಯಾವ ಮಾಲು ಎಂದು ಆರಿಸುವವರು ಹಲಗೇಕರರು, ಅದನ್ನು ಸಿದ್ಧಪಡಿಸುವವರು ಈರಣ್ಣ. ಹಿಂದಿನ ವರ್ಷಗಳಲ್ಲಿ ಗೇರಿನ ಚಕ್ರವೋ ಇಂಜಿನ್ನಿನ ಮುಚ್ಚಳವೋ ಇದ್ದ ಜಾಗಕ್ಕೆ ಆ ವರ್ಷ ರಡಾರ್ ತಟ್ಟೆ ಬಂತು. ಅದರಲ್ಲಿ ಚರ್ಚೆಯೇ ಇರಲಿಲ್ಲ.

ಈರಣ್ಣನ ಕಣ್ಣಿನಿಂದ ನೋಡಿದರೆ ಮುಂದಿನದು ಸಹಜ. ಅಂಚು ಮುರಿಯದ ಮಾಲು ಅವರ ಲೆಕ್ಕದಲ್ಲಿ ಮುಗಿದ ಮಾಲಲ್ಲ. ಮುಗಿಯದ್ದನ್ನು ಗಿರಾಕಿಗೇ ಕೊಡುವುದಿಲ್ಲ, ದೇವಿಗೆ ಕೊಡುವುದೆಂತು? ಹಬ್ಬದ ಹಿಂದಿನ ಎರಡು ದಿನ, ಬೆಳಗಿನಿಂದ ಸಂಜೆ ಐದರವರೆಗೆ, ಅವರು ಕಿಟಕಿಯ ಬೆಳಕಿನಲ್ಲಿ ಕೂತು ಸೂಜಿಯಂಥ ಅರದಿಂದ ನೂರಾರು ಸೀಳುಗಳ ಅಂಚನ್ನೂ ಮುರಿದರು. ತುದಿಗಳನ್ನೂ ಬಿಡಲಿಲ್ಲ. ಕಣ್ಣಿಗೆ ಕಾಣದಷ್ಟು ಹಗುರಾಗಿ, ಅಷ್ಟು ಪ್ರೀತಿಯಿಂದ. ಆದರೆ ಕೈ ಕೈಯೇ. ಒಂದು ಸೀಳಿಗೆ ಒಂದಿಷ್ಟು ಹೆಚ್ಚು, ಇನ್ನೊಂದಕ್ಕೆ ಒಂದಿಷ್ಟು ಕಡಿಮೆ.

ಹಬ್ಬದ ದಿನ ತಟ್ಟೆ ಚೆಂಡುಹೂವಿನ ನಡುವೆ ಹೊಳೆಯುತ್ತಿತ್ತು. ಹಲಗೇಕರರ ಹೆಂಡತಿ ಆರತಿ ಬೆಳಗಿದರು. ತಟ್ಟೆಗೆ ಕುಂಕುಮ ಹಚ್ಚುವುದು ಬೇಡ ಎಂದು ನಾನು ಓಡಿಹೋಗಿ ತಡೆದೆ, ಎಲ್ಲರೂ ನಕ್ಕರು. "ಬಾಯಾರ ಮಗಾ ಅದು, ದೃಷ್ಟಿ ಬೊಟ್ಟನೂ ಹಚ್ಚಗೊಡೂದಿಲ್ಲ," ಎಂದರು ಈರಣ್ಣ. ಕುಂಕುಮ ತಡೆದೆ ಎನ್ನುವುದನ್ನು ನಾನು ಹೇಳುವ ಕತೆಯಲ್ಲಿ ಯಾವಾಗಲೂ ಸೇರಿಸುತ್ತೇನೆ. ಎಷ್ಟು ಎಚ್ಚರದವಳು ನಾನು ಎಂದು ತೋರಿಸಲು ಇರಬೇಕು. ದಿನಚರಿಯಲ್ಲೂ ಅದು ಇದೆ. ಎರಡು ದಿನ ಆರು ಮಾರು ದೂರದಲ್ಲಿ ಒಬ್ಬರು ಕೂತು ಅದೇ ತಟ್ಟೆಗೆ ಅರ ಹಿಡಿದಿದ್ದರು ಎಂಬುದು ಈ ಎಚ್ಚರದವಳಿಗೆ ಹೇಗೆ ಕಾಣಲಿಲ್ಲ ಎಂದು ಮಾತ್ರ ಯಾರೂ ಕೇಳಿಲ್ಲ.

ಕಂಡಿತ್ತು. ಹಬ್ಬದ ಎರಡು ದಿನ ಮೊದಲಿನ ಪುಟದಲ್ಲಿ, ಗ್ರಂಥಾಲಯದಿಂದ ತಂದ ಝೆರಾಕ್ಸಿನ ಬಗ್ಗೆ ಮುಕ್ಕಾಲು ಪುಟ ಬರೆದಿದ್ದೇನೆ. ಸಣ್ಣ ಪ್ರೇಷಕಗಳಲ್ಲಿ ಹುಟ್ಟುವ ಶಾಖವನ್ನು ಹೊರಗೆ ಹಾಕುವುದು ಹೇಗೆ, ಯಾರಿಗೂ ಅದು ಸುಲಭವಾಗಿಲ್ಲ ಎಂದು. ಅದರ ಕೆಳಗೆ, ಅಕ್ಷರ ಸ್ವಲ್ಪ ಓರೆಯಾಗಿ: "ಓದುತ್ತಿದ್ದಾಗ ಈರಣ್ಣ ಬಂದು ತಟ್ಟೆಯ ಅಂಚು ಮುರಿಯಲೇ ಎಂದು ಕೇಳಿದರು. ಹೂಂ ಎಂದೆ. ಓದು ಅರ್ಧಕ್ಕೆ ನಿಂತಿತು."

ಇಷ್ಟೇ. ಓದು ನಿಂತಿತು ಎನ್ನುವುದು ನನ್ನ ದೂರು.

ಆ ಸಾಲನ್ನು ಎಷ್ಟು ಸಲ ಓದಿದರೂ ಆ ಗಳಿಗೆ ನನಗೆ ನೆನಪಾಗುತ್ತಿಲ್ಲ. ಅವರು ಎಲ್ಲಿ ನಿಂತಿದ್ದರು, ನಾನು ತಲೆ ಎತ್ತಿದೆನೋ ಇಲ್ಲವೋ, ಒಂದೂ ಇಲ್ಲ. ಬಾರದಿದ್ದ ಮಳೆ ಕೇಳಿಸುತ್ತದೆ, ಕೇಳಿದ ಪ್ರಶ್ನೆ ಕೇಳಿಸುವುದಿಲ್ಲ. ನೆನಪನ್ನು ನಂಬಬೇಕೋ, ದಿನಚರಿಯನ್ನೋ? ದಿನಚರಿ ಬರೆದವಳೂ ನಾನೇ. ಆದರೆ ಅವಳಿಗೆ ಅವತ್ತು ಸುಳ್ಳು ಹೇಳಲು ಕಾರಣ ಇರಲಿಲ್ಲ. ಹೂಂ ಎಂದದ್ದರ ಅರ್ಥ ಅವಳಿಗೇ ಇನ್ನೂ ಗೊತ್ತಾಗಿರಲಿಲ್ಲ.

ತಟ್ಟೆ ಬೆಂಗಳೂರಿಗೆ ಹೋಯಿತು. ಅಲ್ಲಿ ಅದನ್ನು ಹಿಂದಿನ ಪದರಗಳ ಜೊತೆ ಕುಲುಮೆಯಲ್ಲಿ ಬೆಸೆದರು. ಒಮ್ಮೆ ಬೆಸೆದರೆ ಬಿಡಿಸಲು ಬರುವುದಿಲ್ಲ. ದೀಪಾವಳಿ ಕಳೆದ ಮೇಲೆ ಪ್ರಯೋಗಾಲಯದ ಎಂಜಿನಿಯರ್ ಶ್ರೀಧರ್ ತಾವೇ ಬಂದರು. ಮೈಸೂರು ಕಡೆಯವರು, ಮೃದು ಮಾತು. ಹಲಗೇಕರರ ಕ್ಯಾಬಿನ್ನಿನಲ್ಲಿ ಒಂದು ಉದ್ದನೆಯ ಕಾಗದ ಬಿಡಿಸಿ ಹಿಡಿದರು. ನಡುವೆ ಎತ್ತರದ ಒಂದು ಶಿಖರ. ಅದರ ಎರಡೂ ಬದಿಗೆ ನೆಲದಲ್ಲಿ ಮಲಗಿರಬೇಕಾದ ಗೆರೆ ಹುಲ್ಲು ಬೆಳೆದಂತೆ ಎದ್ದಿತ್ತು.

"ಮೇನ್ ಬೀಮ್ ಚೆನ್ನಾಗೇ ಇದೆ ಸರ್. ಆದ್ರೆ ಪಕ್ಕದಲ್ಲಿ ನೋಡಿ, ಎಲ್ಲಾ ಎದ್ದುಬಿಟ್ಟಿದೆ. ಲೆನ್ಸ್ ಹಾಕಿ ನೋಡಿದ್ವಿ, ಸ್ಲಾಟ್ ಅಂಚೆಲ್ಲ ದುಂಡಗಾಗಿದೆ. ಯಾರೋ ಕೈಯಲ್ಲಿ ಫೈಲ್ ಮಾಡಿದಾರೆ. ಇದು ಪೂರ್ತಿ ವೇಸ್ಟ್."

ಹಲಗೇಕರರು ಈರಣ್ಣನನ್ನು ಕರೆಸಿದರು. ಕೋಪ ಬಂದರೆ ಅವರಿಗೆ ಮೊದಲು ಮರಾಠಿಯೇ ಬರುತ್ತಿತ್ತು. "ಅರೇ ಕಾಯ್ ಕೇಲಸ್ ಹೇ, ಏನ ಮಾಡೀದಿ ಇದು, ಈರಣ್ಣಾ? ಇದಕ್ಕ ಕೈ ಹಚ್ಚು ಅಂತ ಯಾರು ಹೇಳಿದ್ರು ನಿನಗ?"

ಕ್ಯಾಬಿನ್ನಿನಲ್ಲಿ ಹಲಗೇಕರರು, ಶ್ರೀಧರ್, ಈರಣ್ಣ, ನಾನು. ಈರಣ್ಣ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು. "ನಾನ ಅರಾ ಹೊಡದೀನ್ರಿ ಸಾಹೇಬ್ರ," ಎಂದರು. "ಪೂಜೆಗೆ ಇಡೂ ಮಾಲು ಅಂತ, ಚಲೋ ಆಗಲಿ ಅಂತ ಹೊಡದೀನಿ."

"ಬಾಯಾರನ್ನರೆ ಕೇಳಬೇಕಿತ್ತಲ್ಲೋ!"

ಇಲ್ಲಿ ನನ್ನ ನೆನಪು ಹೇಳುತ್ತದೆ: ಅವರು ತಲೆ ತಗ್ಗಿಸಿದರು, ಏನೂ ಹೇಳಲಿಲ್ಲ. ಇಷ್ಟು ವರ್ಷ ಆ ಮೌನವನ್ನು ನಾನು ತಪ್ಪೊಪ್ಪಿಗೆ ಎಂದು ತಿಳಿದಿದ್ದೆ. ಕೇಳಿರಲಿಲ್ಲ, ಅದಕ್ಕೆ ಸುಮ್ಮನಾದರು ಎಂದು. ದಿನಚರಿಯ ಆ ದಿನದಲ್ಲಿ "ಈರಣ್ಣ ಒಮ್ಮೆ ನನ್ನ ಕಡೆ ನೋಡಿದರು" ಎಂದಿದೆ. ಮುಂದಿನ ಸಾಲು: "ನಾನು ಏನೂ ಹೇಳಲಿಲ್ಲ. ಹೇಳುವಂಥದ್ದು ಏನೂ ಇರಲಿಲ್ಲ."

ಎರಡನೆಯ ವಾಕ್ಯ ಯಾರಿಗಾಗಿ ಬರೆದೆ? ಬರೆಯುವ ಅಗತ್ಯವಿಲ್ಲದಿದ್ದರೆ ಬರೆಯುತ್ತಿರಲಿಲ್ಲ. ಶ್ರೀಧರ್ ಮಳೆಗಾಲದಲ್ಲಿ ಬಂದಾಗ, ತಮ್ಮಲ್ಲಿ ಎರಡು ವರ್ಷದ ತಾತ್ಕಾಲಿಕ ಹುದ್ದೆ ಇದೆ, ಅಲುಗದ ರಡಾರಿನ ಕೆಲಸ ಶುರುವಾಗುವುದಿದೆ, ಅರ್ಜಿ ಹಾಕಿ ಎಂದು ನನಗೆ ಹೇಳಿದ್ದರು. ನಾನು ಹಾಕಿದ್ದೆ. ಆ ಕ್ಯಾಬಿನ್ನಿನಲ್ಲಿ ನಾನು ಬಾಯಿ ಬಿಟ್ಟಿದ್ದರೆ ಅವರಿಗೆ ನನ್ನ ಬಗ್ಗೆ ಏನು ಅನಿಸುತ್ತಿತ್ತು ಎಂದು ಆ ಕ್ಷಣದಲ್ಲಿ ಲೆಕ್ಕ ಹಾಕಿದೆನೇ? ಹಾಕಿದೆ ಎಂದು ಹೇಳಲು ಸಾಕ್ಷಿ ಇಲ್ಲ. ಹಾಕಲಿಲ್ಲ ಎಂದರೆ ನಾನೇ ನಂಬುವುದಿಲ್ಲ.

ಈರಣ್ಣನಿಗೆ ಮರುದಿನದಿಂದ ಬರಬೇಡ ಎಂದರು. ಕಾಂಟ್ರ್ಯಾಕ್ಟಿನವರಿಗೆ ಅಷ್ಟು ಹೇಳಿದರೆ ಸಾಕಿತ್ತು. ಅವರು ತಮ್ಮ ಅರಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ನನ್ನ ಮೇಜಿನ ಬಳಿ ಬಂದು, "ದೌಂಡಕ್ಕ ಹೊಂಟೀನ್ರಿ ಬಾಯಾರ, ದೊಡ್ಡ ಮಗಳ ಮನೀಗೆ. ಅಳಿಯಾ ರೈಲ್ವೆದಾಗ ಅದಾನ," ಎಂದರು. ನಾನು ಎದ್ದು ನಿಂತೆ. ಅಷ್ಟೇ ಮಾಡಿದ್ದು. ಚಳಿಗಾಲ ಮುಗಿಯುವ ಹೊತ್ತಿಗೆ ನನಗೆ ಬೆಂಗಳೂರಿನ ಪತ್ರ ಬಂತು.

ಎರಡು ವರ್ಷ ಅಲ್ಲಿ ಕೆಲಸ ಮಾಡಿದೆ. ಆಮೇಲೆ ಮದುವೆ, ಮತ್ತೆ ಪುಣೆ. ಈಗ ಮಗರಪಟ್ಟಾದ ಗಾಜಿನ ಆಫೀಸಿನಲ್ಲಿ ಮೊಬೈಲ್ ಗೋಪುರಗಳ ಆಂಟೆನಾಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುತ್ತೇನೆ. ಅಲುಗದ ರಡಾರು ಈಗ ಅಮೆರಿಕದ ಒಂದಲ್ಲ, ಹಲವು ಬಗೆಯ ವಿಮಾನಗಳಲ್ಲಿದೆ. ನಮ್ಮ ವಾಯುಸೇನೆ ಕೊಳ್ಳಲು ನೋಡುತ್ತಿರುವ ವಿಮಾನಗಳಲ್ಲಿ ಅದು ಇದೆಯೇ ಎಂದು ಪತ್ರಿಕೆಗಳು ಮೊದಲು ಕೇಳುತ್ತವೆ. ಕೊರೆದ ತಟ್ಟೆಗಳ ಕಾಲ ನಾವು ಕೊರೆಯುತ್ತಿದ್ದಾಗಲೇ ಮುಗಿಯತೊಡಗಿತ್ತು. ಈ ಮಾತನ್ನು ನಾನು ಸಮಾಧಾನದಂತೆ ಬಳಸಿದ್ದೇನೆ: ಹೇಗೂ ಆ ತಟ್ಟೆಗೆ ಭವಿಷ್ಯ ಇರಲಿಲ್ಲ. ತಟ್ಟೆಗೆ ಇರಲಿಲ್ಲ, ಸರಿ. ಪರ್ಮನೆಂಟ್ ಆಗಬೇಕಿದ್ದದ್ದು ತಟ್ಟೆಯಲ್ಲ.

ದಿನಚರಿಯ ಆ ಸಾಲು ಓದಿದ ಮುಂದಿನ ಶನಿವಾರ ಬೆಳಿಗ್ಗೆ ದೌಂಡಿನ ರೈಲು ಹತ್ತಿದೆ. ಗಂಡನಿಗೆ ಹಳೆಯ ಪರಿಚಯದವರನ್ನು ನೋಡಿ ಬರುತ್ತೇನೆ ಎಂದೆ. ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ, ಕೆಡಿಸಿದೆ. ಆಚೀಚೆ ಕಬ್ಬಿನ ಗದ್ದೆಗಳು ಸರಿಯುತ್ತಿದ್ದವು. ಸ್ಟೇಷನ್ನಿನ ಹೊರಗೆ ಅಳಿಯ ರೈಲ್ವೆಯಲ್ಲಿರುವ, ಫಿಟ್ಟರ್ ಕೆಲಸದ ಕನ್ನಡದ ಮುದುಕರು ಎಂದು ಕೇಳಿದ್ದೇ ತಡ, ರಿಕ್ಷಾದವನು ಹೆಸರೂ ಕೇಳದೆ ಕರೆದೊಯ್ದ. ಕಿಟಕಿಯ ಗ್ರಿಲ್ಲುಗಳನ್ನು ಸಾಲಾಗಿ ಒರಗಿಸಿದ್ದ ಒಂದು ತಗಡಿನ ಶೆಡ್ಡು, ಹಿಂದೆ ಮನೆ. ಈರಣ್ಣ ಕನ್ನಡಕ ಹಣೆಗೇರಿಸಿ ನೋಡಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಯವ್ವಾ, ಬಾಯಾರಲ್ರಿ! ಗಂಗವ್ವಾ, ಏ ಗಂಗವ್ವಾ, ಹೊರಗ ಬಾ, ಯಾರ್ ಬಂದಾರ ನೋಡು!"

ಗಂಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಈರಣ್ಣ ನನಗೆ ಕುರ್ಚಿ ಎಳೆದು ಹಾಕಿ, ಹೆಂಡತಿಗೆ ಹೇಳಿದರು: "ಇವರ ನೋಡು. ನಾ ಹೇಳತಿರತೀನಲ್ಲಾ, ಹಲಗೇಕರ ಸಾಹೇಬರ ಮುಂದ ನಿಂತು 'ಈರಣ್ಣಾಂದು ತಪ್ಪಿಲ್ರಿ, ನನ್ನ ಕೇಳೇ ಮಾಡ್ಯಾನ' ಅಂತ ಮಾರಿ ಮ್ಯಾಲ ಹೊಡದಂಗ ಹೇಳಿದ ಬಾಯಾರು. ಇವರ."

"ಇವರಽ ಏನ?" ಗಂಗವ್ವ ನನ್ನ ಕೈ ಹಿಡಿದುಕೊಂಡರು. "ಎಷ್ಟ ಸಲ ಹೇಳ್ಯಾರವ್ವಾ ನಿನ್ನ ಸುದ್ದಿ. ಮಗಳ ಮದಿವ್ಯಾಗ ಬೀಗರ ಮುಂದೂ ಹೇಳಿದ್ರು. ಅಷ್ಟು ಮಂದ್ಯಾಗ ಒಬ್ಬಾಕಿ ನಮ್ಮ ಪರವಾಗಿ ಮಾತಾಡಿದ್ಲು ಅಂತ."

ನಾನು ಜೋಡಿಸಿಕೊಂಡು ಬಂದಿದ್ದ ಯಾವ ಮಾತಿಗೂ ಇಲ್ಲಿ ಜಾಗ ಇರಲಿಲ್ಲ. ಅವರ ಕೈ ಬೆಚ್ಚಗಿತ್ತು. ಸುಮ್ಮನಿದ್ದುಬಿಡಬಹುದಿತ್ತು. ಇಬ್ಬರೂ ನಗುತ್ತಿದ್ದರು. ನಾನು ಮಳೆಯನ್ನು ತಂದುಕೊಂಡಿದ್ದೆ. ಅವರು ನನ್ನ ಮಾತನ್ನು ತಂದುಕೊಂಡಿದ್ದರು, ಹತ್ತು ವರ್ಷ ಅದರ ಮೇಲೆ ಒರಗಿದ್ದರು. ಅದನ್ನು ಎಳೆದರೆ ಯಾರಿಗೆ ಒಳ್ಳೆಯದಾಗುತ್ತದೆ? ಆದರೆ ಸುಮ್ಮನಿರುವುದನ್ನು ನಾನು ಒಮ್ಮೆ ಮಾಡಿದ್ದೆ. ಅದು ನನಗೆ ಎಷ್ಟು ಸಲೀಸು ಎಂದು ಗೊತ್ತಿತ್ತು.

"ಇಲ್ಲ ಕಾಕಾ," ಎಂದೆ. "ನಾನು ಮಾತಾಡಲಿಲ್ಲ."

"ಮರತೀರಿ ಬಾಯಾರ, ಭಾಳ ವರ್ಷ ಆತಲ್ಲ."

"ಮರತಿಲ್ಲ. ನೀವು ಅಂಚು ಮುರೀಲಿ ಏನು ಅಂತ ಬಂದು ಕೇಳಿದ್ರಿ. ನಾ ಓದಕೋತ ಕುಂತಿದ್ದೆ, ಹೂಂ ಅಂದೆ. ಅದು ಬರದಿಟ್ಟದ್ದು ನನ್ನ ಹತ್ರ ಅದ. ಅವತ್ತು ಸಾಹೇಬ್ರು ಕೇಳಿದಾಗ ಅದನ್ನ ಹೇಳಬೇಕಾಗಿತ್ತು. ಹೇಳಲಿಲ್ಲ. ನೀವು ನನ್ನ ಕಡೆ ನೋಡಿದ್ರಿ, ಆದ್ರೂ ಹೇಳಲಿಲ್ಲ. ನಿಮ್ಮ ಕೆಲಸ ಹೋಗಿದ್ದು ನನ್ನಿಂದ."

ಗಂಗವ್ವ ಮೆಲ್ಲಗೆ ಕೈ ಬಿಟ್ಟರು. ಸ್ಟೇಷನ್ನಿನ ಕಡೆ ಒಂದು ಗೂಡ್ಸ್ ಗಾಡಿ ಹೊರಟಿತ್ತು, ಅದರ ಡಬ್ಬಿಗಳು ಒಂದರ ಹಿಂದೆ ಒಂದು ಜಗ್ಗಿಕೊಳ್ಳುವ ಸದ್ದು ಮುಗಿಯುವವರೆಗೆ ಈರಣ್ಣ ಹಣೆಯ ಮೇಲಿನ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಇಟ್ಟ ಸಾಮಾನು ಇಟ್ಟಲ್ಲಿ ಸಿಗದವರ ಗೊಂದಲ.

"ಹಂಗಾರ ಮಾತಾಡಿದವರು ಯಾರ್ರಿ?" ಎಂದು ಕೇಳಿದರು.

"ಯಾರೂ ಮಾತಾಡಲಿಲ್ಲ ಕಾಕಾ."

"ಇಲ್ರಿ, ಯಾರೋ ಮಾತಾಡ್ಯಾರ. ನಾ ಕೇಳೀನಿ." ಎಡಗೈ ಮುಂದೆ ಚಾಚಿ ಕಿರುಬೆರಳು ಮಡಚಿದರು. "ಸಾಹೇಬ್ರು ಇದ್ರು. ಅವರಲ್ಲ, ಅವರು ಬೈಯಾಕ ಹತ್ತಿದ್ರು." ಎರಡನೆಯ ಬೆರಳು. "ಬೆಂಗಳೂರಿನವರು. ಅವರು ಕಾಗದಾ ಹಿಡಕೊಂಡಿದ್ರು." ಮೂರನೆಯದು. "ನೀವು." ನನ್ನ ಮುಖ ನೋಡಿ, ಅದನ್ನೂ ಮಡಚಿದರು. "ಆಮ್ಯಾಲ ನಾನು."

ನಾಲ್ಕು ಬೆರಳೂ ಮುಗಿದ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎಲ್ಲ ಬೆರಳುಗಳನ್ನೂ ಬಿಡಿಸಿ, ಮತ್ತೆ ಮೊದಲಿನಿಂದ ಎಣಿಸತೊಡಗಿದರು.